ಸೆಗಣಿ ಗ್ಯಾಸಿನಲ್ಲಿ ಓಡಿದ ಇಂಜಿನ್: ಪುರ ಹಳ್ಳಿಯ ಕಥೆ

ಕೊಯಿಲ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಅಲ್ಲಿನ ಜಾನುವಾರು ಸಂವರ್ಧನಾ ಕೇಂದ್ರ. ಆಚೀಚೆಯ ಅಡಿಕೆ ತೋಟದ ಮನೆಗಳಲ್ಲಿ ಗೋಬರ್ ಗ್ಯಾಸ್ ಕೂಡ ಹೊಸದಲ್ಲ. ಗ್ಯಾಸ್ ಒಲೆಗೆ, ಸ್ಲರಿ ತೋಟಕ್ಕೆ. ಆದ್ರೆ ಅದೇ ಗ್ಯಾಸಿನಲ್ಲಿ ಇಂಜಿನ್ ಓಡಿಸಿ ಊರಿಗೇ ಬೆಳಕು, ನೀರು ಕೊಟ್ಟ ಹಳ್ಳಿಯೊಂದು ನಮ್ಮ ರಾಜ್ಯದಲ್ಲೇ ಉಂಟು.

ಅದು ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಮತ್ತು ಜೊತೆಗಾರರು ‘ಅಸ್ತ್ರ’ ಎಂಬ ವಿಭಾಗ ಕಟ್ಟಿದ್ದರು. ಹಳ್ಳಿಗೆ ಒದಗುವ ತಂತ್ರಜ್ಞಾನ ರೂಪಿಸೋದು ಅದರ ಕೆಲಸ. ಪುರದಲ್ಲಿ ಅವರ ಮೊದಲ ಲೆಕ್ಕಾಚಾರ ಯಾರಿಗಾದರೂ ಹೊಳೆಯುವಂಥದ್ದೇ: ಎಲ್ಲರ ಸೆಗಣಿ ಒಟ್ಟುಮಾಡಿ ಎಲ್ಲರ ಮನೆಗೂ ಅಡುಗೆ ಗ್ಯಾಸ್ ಕೊಡೋದು. ಅದು ನಡೀಲಿಲ್ಲ. ಇಡೀ ಊರಿನ ಅಡುಗೆಗೆ ಸಾಕಾಗುವಷ್ಟು ಸೆಗಣಿ ಸಿಗಲಿಲ್ಲ. ಸೌದೆಯಾದ್ರೆ ದುಡ್ಡು ಕೊಡದೇ ಸಿಗ್ತಿತ್ತು. ಜನಕ್ಕೆ ಬೇಕಾಗಿದ್ದು ಕುಡಿಯೋ ನೀರು.

ಹಾಗಾಗಿ ಯೋಜನೆಯನ್ನೇ ತಿರುಗಿಸಿದರು. 1987ರಿಂದ ಆ ಗ್ಯಾಸ್ ಒಲೆಗಲ್ಲ, ಇಂಜಿನ್‌ಗೆ ಹೋಯಿತು. ಇಂಜಿನ್ 5 ಕೆವಿಎ ಜನರೇಟರ್ ತಿರುಗಿಸಿತು, ಆ ಕರೆಂಟಿನಿಂದ ಕೊಳವೆಬಾವಿಯ ಪಂಪು ಓಡಿತು, ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಯಿತು.

ಗ್ಯಾಸಿನಲ್ಲಿ ಇಂಜಿನ್ ಓಡೋದೇನು ಆಗ ಹೊಸ ವಿದ್ಯೆ ಅಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಬಸ್ಸುಗಳೇ ಓಡಿದ್ದವು. ಪುರದಲ್ಲಿದ್ದದ್ದು ಸ್ವಲ್ಪ ಬದಲಾಯಿಸಿದ ಡೀಸೆಲ್ ಇಂಜಿನ್. ಒಳಗೆ ಎಳೆಯುವ ಗಾಳಿಯ ಜೊತೆಗೇ ಗ್ಯಾಸ್ ಸೇರ್ತದೆ. ಆದ್ರೆ ಸೆಗಣಿ ಗ್ಯಾಸಿನಲ್ಲಿರುವ ಮೀಥೇನ್ ಬರೀ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳೋದಿಲ್ಲ. ಅದಕ್ಕೇ ಒಂದಿಷ್ಟು ಡೀಸೆಲ್ ಚಿಮ್ಮಿಸ್ತಾರೆ. ಡೀಸೆಲ್ ಹೊತ್ತಿ ಗ್ಯಾಸಿಗೆ ಬೆಂಕಿ ಕೊಡ್ತದೆ. ಗ್ಯಾಸ್ ಮುಗಿದರೂ ಇಂಜಿನ್ ನಿಲ್ಲೋದಿಲ್ಲ, ಪೂರ್ತಿ ಡೀಸೆಲ್ ಕುಡಿಯೋಕೆ ಶುರು ಮಾಡ್ತದೆ. ಖರ್ಚು ಏರೋದು ಅಲ್ಲೇ!

ಅಂದ್ರೆ ಎಲ್ಲಾ ನಿಂತಿದ್ದು ದಿನಾ ಬೆಳಗ್ಗೆ ಸೆಗಣಿ ಬರ್ತದೋ ಇಲ್ವೋ ಅನ್ನೋದರ ಮೇಲೆ. ನನಗೆ ಈ ಕಥೆಯಲ್ಲಿ ಇಂಜಿನ್‌ಗಿಂತ ಜಾಸ್ತಿ ಹಿಡಿಸಿದ್ದು ಅದಕ್ಕೆ ಮಾಡಿದ ಏರ್ಪಾಡು. ಸೆಗಣಿ ಹೊತ್ತು ತರ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಪ್ಲಾಂಟಿನಲ್ಲಿ ತೂಕ ಹಾಕಿ ಕಿಲೋಗೆ 2 ಪೈಸೆ ಕೂಲಿ ಕೊಡ್ತಿದ್ರು. ಗ್ಯಾಸ್ ತೆಗೆದ ಮೇಲೆ ಉಳಿದ ಸ್ಲರಿಯೂ ಗೊಬ್ಬರಕ್ಕೆ ಅವರವರ ಮನೆಗೇ ವಾಪಸ್. ಪ್ಲಾಂಟು ನಡೆಸಿದ್ದು ಊರಿನ ಹುಡುಗರೇ. 90ರ ದಶಕದಲ್ಲೂ ಆ ಇಂಜಿನ್ ಓಡ್ತಾ ಇತ್ತು.