ಸ್ಮಾಲ್ಸ್, ರಾಬರ್ಟ್ (1839–1915)

ಅಮೆರಿಕದ ಅಂತರ್ಯುದ್ಧ ಕಾಲದ ನಾವಿಕ, ಶಾಸಕ. ಸೌತ್ ಕ್ಯಾರೊಲಿನಾದ ಬ್ಯೂಫರ್ಟ್‌ನಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದ. 1862ರ ಮೇ 13ರ ನಸುಕಿನಲ್ಲಿ ದಕ್ಷಿಣದ ಒಕ್ಕೂಟದ ಪ್ಲಾಂಟರ್ ಎಂಬ ಹಡಗನ್ನು ಚಾರ್ಲ್ಸ್‌ಟನ್ ಬಂದರಿನಿಂದ ನಡೆಸಿಕೊಂಡು ಹೋಗಿ, ತನ್ನ ಹೆಂಡತಿ ಮಕ್ಕಳೂ ಸೇರಿದಂತೆ ಹಲವರನ್ನು ಬಿಡುಗಡೆಗೊಳಿಸಿದ. ಇದನ್ನು ಬರಿಯ ಎದೆಗಾರಿಕೆಯ ಕಥೆಯಾಗಿ ಹೇಳುವುದು ರೂಢಿ, ಅದು ಸಾಲದು. ಚುಕ್ಕಾಣಿ ಹಿಡಿಯುತ್ತಿದ್ದವನು ಆತನೇ ಆದರೂ ಗುಲಾಮನೆಂಬ ಕಾರಣಕ್ಕೆ ಪೈಲಟ್ ಎಂಬ ಹೆಸರು ಅವನಿಗೆ ದಕ್ಕಿರಲಿಲ್ಲ. ಆ ನೀರಿನ ಆಳ, ಕೋಟೆಗಳಿಗೆ ಕೊಡಬೇಕಾದ ಸೀಟಿಯ ಸಂಕೇತ, ಕ್ಯಾಪ್ಟನ್ ನಿಲ್ಲುವ ಭಂಗಿ ಎಲ್ಲವನ್ನೂ ದುಡಿಮೆಯ ನಡುವೆಯೇ ಕಲಿತಿದ್ದ. ಕ್ಯಾಪ್ಟನ್ನನ ಹುಲ್ಲಿನ ಟೋಪಿ ಧರಿಸಿ, ಸರಿಯಾದ ಸಂಕೇತ ಕೊಟ್ಟು ಸಮ್ಟರ್ ಕೋಟೆಯನ್ನು ದಾಟಿದ. ಬಿಳಿಯ ಅಧಿಕಾರಿಗಳು ಆ ರಾತ್ರಿ ದಡಕ್ಕೆ ಹೋಗಿದ್ದರಿಂದಲೇ ಇದು ಸಾಧ್ಯವಾಯಿತು ಎನ್ನುವವರುಂಟು. ಅವರ ಅಲಕ್ಷ್ಯ ಅವಕಾಶ ಕೊಟ್ಟಿತು, ನಿಜ. ಆದರೆ ಕೋಟೆಗಳ ಕಣ್ಣೆದುರು ಹಡಗು ದಾಟಿಸಿದ್ದು ಅಲಕ್ಷ್ಯವಲ್ಲ, ವಿದ್ಯೆ.

ಅದೇ ವಿದ್ಯಾಪ್ರೀತಿ ಆತನ ರಾಜಕೀಯದಲ್ಲೂ ಕಾಣುತ್ತದೆ. 1868ರ ರಾಜ್ಯ ಸಂವಿಧಾನ ಸಭೆಯಲ್ಲಿ ಎಲ್ಲ ಮಕ್ಕಳಿಗೂ ಉಚಿತ ಸಾರ್ವಜನಿಕ ಶಾಲೆಗಳಿಗಾಗಿ ವಾದಿಸಿದ. ಮುಂದೆ ಅಮೆರಿಕದ ಕಾಂಗ್ರೆಸ್ಸಿನ ಕೆಳಮನೆಗೆ ಹಲವು ಸಲ ಆರಿಸಿಬಂದ. 1877ರಲ್ಲಿ ಲಂಚದ ಆರೋಪದಲ್ಲಿ ಶಿಕ್ಷೆಯಾದುದನ್ನು ವಿರೋಧಿಗಳು ಎತ್ತಿ ತೋರಿಸುತ್ತಾರೆ. ಕಪ್ಪುಜನರ ರಾಜಕೀಯ ಬಲವನ್ನು ಮುರಿಯುತ್ತಿದ್ದ ಕಾಲದ ತೀರ್ಪು ಅದು. 1879ರಲ್ಲಿ ಗವರ್ನರರೇ ಕ್ಷಮಾದಾನ ನೀಡಿದರು. ಕಪ್ಪುಜನರ ಮತದಾನದ ಹಕ್ಕನ್ನು ಕಸಿಯಲು 1895ರಲ್ಲಿ ರಾಜ್ಯಕ್ಕೆ ಹೊಸ ಸಂವಿಧಾನ ಬಂದಾಗ, ಅದನ್ನು ರಚಿಸಿದ ಸಭೆಯಲ್ಲೇ ಸದಸ್ಯನಾಗಿ ಕುಳಿತು ಅದನ್ನು ವಿರೋಧಿಸಿದ.