ಪ್ರಯಾಣಿಕರ ಪಾಲಕ ಸಂತರು

ದಾರಿಹೋಕರನ್ನೂ ವಾಹನ ಸವಾರರನ್ನೂ ಕಾಯುವವರೆಂದು ಕಥೊಲಿಕ ಕ್ರೈಸ್ತರು ನಂಬಿರುವ ಸಂತರು. ಇವರನ್ನು ದೇವರೆಂದು ಆರಾಧಿಸುವುದಿಲ್ಲ. ತಮ್ಮ ಪರವಾಗಿ ದೇವರಲ್ಲಿ ಪ್ರಾರ್ಥಿಸಿರೆಂದು ಬೇಡಿಕೊಳ್ಳುತ್ತಾರೆ.

ಸಂತ ಕ್ರಿಸ್ತೋಫರ್: ಇವರಲ್ಲಿ ಹೆಚ್ಚು ಪ್ರಸಿದ್ಧರು. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಕ್ರಿಸ್ತನನ್ನು ಹೊತ್ತವನು ಎಂದರ್ಥ. ಏಷ್ಯಾ ಮೈನರಿನ ಲಿಸಿಯದಲ್ಲಿ ಹುತಾತ್ಮರಾದರೆಂಬುದು ಸಂಪ್ರದಾಯ. ದೈತ್ಯಕಾಯದ ಇವರು ಸೇತುವೆಯಿಲ್ಲದ ಹೊಳೆಯಲ್ಲಿ ಜನರನ್ನು ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದರು. ಒಮ್ಮೆ ಪುಟ್ಟ ಮಗುವನ್ನು ಹೊತ್ತು ನೀರಿಗಿಳಿದಾಗ ಹೆಜ್ಜೆಹೆಜ್ಜೆಗೂ ಭಾರ ಏರಿತು. ದಡ ಮುಟ್ಟಿದ ಮೇಲೆ, ತಾನು ಹೊತ್ತದ್ದು ಕ್ರಿಸ್ತನನ್ನೇ ಎಂದು ತಿಳಿಯಿತು. 13ನೆಯ ಶತಮಾನದ ಸಂತಚರಿತ್ರೆಗಳ ಸಂಗ್ರಹವೊಂದರ ಮೂಲಕ ಈ ಕಥೆ ಯುರೋಪಿನಲ್ಲೆಲ್ಲ ಹರಡಿತು. ಅವರ ಚಿತ್ರ ಕಂಡ ದಿನ ದುರ್ಮರಣವಿಲ್ಲ ಎಂಬ ನಂಬಿಕೆಯಿಂದ ಚರ್ಚುಗಳ ಬಾಗಿಲಿಗೆ ಎದುರಾಗಿ ಅದನ್ನು ದೊಡ್ಡದಾಗಿ ಬರೆಸುತ್ತಿದ್ದರು. ಮೋಟಾರು ಬಂದ ಮೇಲೆ ಆ ಚಿತ್ರವೇ ಪದಕವಾಗಿ ಗಾಡಿಯೇರಿತು. ಜುಲೈ 25ರ ಇವರ ಸ್ಮರಣೆಯನ್ನು 1969ರಲ್ಲಿ ಕಥೊಲಿಕ ಧರ್ಮಸಭೆಯ ಸಾರ್ವತ್ರಿಕ ಪಂಚಾಂಗದಿಂದ ಕೈಬಿಡಲಾಯಿತು. ಆದರೆ ಸಂತಪದವಿ ಹೋಗಲಿಲ್ಲ. ಸ್ಥಳೀಯ ಆಚರಣೆಗೂ ಅಡ್ಡಿಯಿಲ್ಲ.

ಇತರರು: ವಿಮಾನ ಚಾಲಕರಿಗೆ ಇಟಲಿಯ ಲೊರೆಟೊದ ಮಾತೆ ಮರಿಯಳನ್ನು 1920ರಲ್ಲಿ, ಮೋಟಾರು ಚಾಲಕರಿಗೆ ರೋಮಿನ ಸಂತ ಫ್ರಾನ್ಸಿಸ್ಕಳನ್ನು 1925ರಲ್ಲಿ ಪಾಲಕರೆಂದು ಘೋಷಿಸಲಾಯಿತು. ಫ್ರಾನ್ಸಿಸ್ಕಳಿಗೆ ಕತ್ತಲಲ್ಲಿ ದೇವದೂತನೊಬ್ಬ ದೀಪ ಹಿಡಿದು ದಾರಿ ತೋರುತ್ತಿದ್ದನೆಂಬ ಕಥೆಯಿದೆ. ಇಟಲಿಯ ಕಾಸ್ಟೆಲಾಜೊ ಬೊರ್ಮಿಡಾದ ಮಾತೆ ಮರಿಯಳನ್ನು ಪೋಪ್ 12ನೆಯ ಪಿಯುಸ್ 1947ರಲ್ಲಿ ಮೋಟಾರ್‌ಸೈಕಲ್ ಸವಾರರ ಪಾಲಕಿಯೆಂದು ಮಾನ್ಯ ಮಾಡಿದರು. ಐರ್ಲೆಂಡಿನಿಂದ ಹೊರಟು ಯುರೋಪಿನ ಹಲವೆಡೆ ಸುತ್ತಿ 615ರಲ್ಲಿ ಇಟಲಿಯ ಬೊಬ್ಬಿಯೊದಲ್ಲಿ ತೀರಿಕೊಂಡ ಸಂತ ಕೊಲಂಬಾನುಸರನ್ನೂ ಈ ಸವಾರರು ನೆನೆಯುತ್ತಾರೆ.

ಆಶೀರ್ವಾದ ವಿಧಿ: ಗುರುಗಳು ವಾಹನಕ್ಕೆ ಪವಿತ್ರ ಜಲ ಚಿಮುಕಿಸಿ ಪ್ರಾರ್ಥಿಸುತ್ತಾರೆ. ಹಳೆಯ ಲ್ಯಾಟಿನ್ ಪ್ರಾರ್ಥನೆಯಲ್ಲಿ, ರಥದಲ್ಲಿ ಕುಳಿತು ಪವಿತ್ರ ಗ್ರಂಥ ಓದುತ್ತಿದ್ದ ಇಥಿಯೋಪಿಯದವನಿಗೆ ಫಿಲಿಪ್ಪ ಉಪದೇಶಿಸಿದ ಬೈಬಲಿನ ಪ್ರಸಂಗದ ಸ್ಮರಣೆ ಬರುತ್ತದೆ. ಕರ್ನಾಟಕದ ಚರ್ಚುಗಳಲ್ಲೂ ಹೊಸ ಗಾಡಿಗೆ ಆಶೀರ್ವಾದ ಮಾಡಿಸುವ ವಾಡಿಕೆಯಿದೆ. ಮಂಗಳೂರಿನಲ್ಲಿ ಕ್ರಿಸ್ತೋಫರರ ಹೆಸರಿನಲ್ಲಿ ಚಾಲಕರ ಸಂಘವೇ ಇದೆ.

ಹನುಮಂತನಗರದ ನೆರೆಯಲ್ಲಿ: ಬೆಂಗಳೂರಿನ ಹನುಮಂತನಗರ, ಬಸವನಗುಡಿ ಕಡೆಯ ಹಿಂದೂ ಮನೆಗಳಲ್ಲಿ ಹೊಸ ಗಾಡಿ ಕೊಂಡವರು ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಹೋಗುವುದುಂಟು. ಆಯುಧಪೂಜೆಯಂದು ಗಾಡಿ ತೊಳೆದು, ಹೂವು ಮುಡಿಸಿ, ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಹೊರಡಿಸುತ್ತಾರೆ. ಈ ಆಚರಣೆಗೂ ಕಥೊಲಿಕ ವಿಧಿಗೂ ಮೂಲ ಬೇರೆ, ದೈವಕಲ್ಪನೆಯೂ ಬೇರೆ. ಆದರೂ ಒಂದು ಹೋಲಿಕೆಯಿದೆ. ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಹನುಮಂತ ರಾಮಲಕ್ಷ್ಮಣರನ್ನು ಬೆನ್ನ ಮೇಲೆ ಹೊತ್ತು ಸುಗ್ರೀವನ ಬಳಿಗೆ ಒಯ್ಯುತ್ತಾನೆ. ಹೊಳೆ ದಾಟಿಸಿದ ಕ್ರಿಸ್ತೋಫರರೂ ಹೊತ್ತವರೇ. ಎರಡೂ ಕಡೆ ಜನ ದಾರಿಯ ಕಾವಲನ್ನು ಒಪ್ಪಿಸಿರುವುದು ಇನ್ನೊಬ್ಬರ ಭಾರಕ್ಕೆ ಮೈ ಕೊಟ್ಟವರಿಗೆ. ಬೆಳಿಗ್ಗೆ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೊರಡುವ ತಂದೆತಾಯಿಗೆ ಈ ಎರಡು ಕಥೆಗಳೂ ಬಿಡಿಸಿ ಹೇಳದೆಯೇ ಅರ್ಥವಾಗುತ್ತವೆ.