ಬ್ರೇಕ್ ಹಿಡಿದು ಕೂತವರು

ಕೋಪನ್‌ಹೇಗನ್‌ನ ದೊಡ್ಡ ರೈಲು ನಿಲ್ದಾಣದಿಂದ ರಸ್ತೆ ದಾಟಿದರೆ 1843ರ ಟಿವೊಲಿ ಉದ್ಯಾನ. ಅಲ್ಲಿಗೆ ಹೋದವರು ಹೊಸ ಆಟಗಳನ್ನು ಆಮೇಲೆ ನೋಡಲಿ. ಮೊದಲು 1914ರ ಮರದ ರೋಲರ್ ಕೋಸ್ಟರ್ ಹತ್ತಲಿ. ಗಾಡಿಯಲ್ಲಿ ನಮ್ಮ ಜತೆ ಒಬ್ಬ ನೌಕರರೂ ಬರುತ್ತಾರೆ. ಇಳಿಜಾರಿನಲ್ಲಿ ವೇಗ ಮಿತಿಮೀರದಂತೆ ಬ್ರೇಕ್ ಹಾಕುವುದು ಅವರ ಕೆಲಸ.

ಇದು ತೋರಿಕೆಗಲ್ಲ. ಆಗಿನ ಗಾಡಿಗಳನ್ನು ಹಳಿಯ ಅಡಿಯಿಂದ ಹಿಡಿದಿಡುವ ಚಕ್ರಗಳಿರಲಿಲ್ಲ. ದಿಬ್ಬದ ನೆತ್ತಿಯಲ್ಲಿ ವೇಗ ಜಾಸ್ತಿಯಾದರೆ ಎಗರಿಬಿಡುವ ಅಪಾಯವಿತ್ತು. 1919ರಲ್ಲಿ ಅಮೆರಿಕದ ಜಾನ್ ಮಿಲ್ಲರ್ ಅಂಥ ಅಡಿಚಕ್ರಕ್ಕೆ ಪೇಟೆಂಟ್ ಪಡೆದ. ಇಳಿಜಾರುಗಳು ಕಡಿದಾದವು, ಬ್ರೇಕ್‌ನವರ ಕೆಲಸ ಹೆಚ್ಚಿನ ಕಡೆ ಹೋಯಿತು. ಮೆಲ್ಬರ್ನ್‌ನ ಲೂನಾ ಪಾರ್ಕಿನಂಥ ಕೆಲವೆಡೆ ಉಳಿದಿದೆ.

ಈಗ ನಾವು ಎತ್ತರ ಕೇಳುತ್ತೇವೆ, ವೇಗ ಕೇಳುತ್ತೇವೆ. ಟಿವೊಲಿಯಲ್ಲಿ ಇನ್ನೊಂದನ್ನೂ ನೋಡಿ: ಇವತ್ತು ಬ್ರೇಕ್ ಯಾರ ಕೈಯಲ್ಲಿದೆ?